ಇಪ್ಪತ್ತೆರಡು ನಂಬರಿನ ಸೂಜಿ

ನಮ್ಮ ಡಾಕ್ಟರ ಮಿಮಿಕ್ರಿ ಮಾಡುವುದು ಬಹಳ ಕಷ್ಟ. ಮನುಷ್ಯ ಏನಾದರೂ ಮಾಡಿದರೆ ತಾನೆ ಅದನ್ನು ಮಾಡಿ ತೋರಿಸುವುದು? ಅವರು ಕೈ ಬೀಸುವುದಿಲ್ಲ, ಹುಬ್ಬು ಹಾರಿಸುವುದಿಲ್ಲ, ದನಿ ಏರಿಸುವುದಿಲ್ಲ. ಒಮ್ಮೆ ನಕ್ಕಿದ್ದನ್ನು ಕಂಡೆನೆಂದು ನಮ್ಮ ವಿಭಾಗದ ನರ್ಸ್, ಹೊಳಲು ಊರಿನ ಸಿಸ್ಟರ್ ಬಂದು ಹೇಳಿದರು. ವಿಚಾರಿಸಿದಾಗ ಅದು ಆಕಳಿಕೆ ಎಂದು ಗೊತ್ತಾಯಿತು.

ನಾನು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಟೆಕ್ನಿಷಿಯನ್. ಅಂದರೆ ಡಾಕ್ಟರು ರೋಗಿಯ ಬಾಯಿಂದ ಹೊಟ್ಟೆಗೆ ಕೊಳವೆ ಇಳಿಸುವಾಗ ಪಕ್ಕದಲ್ಲಿ ನಿಂತು, ಅವರು ಕೇಳಿದ್ದನ್ನು ಕೈಗಿಡುವವನು. ಆಮೇಲೆ ಆ ಕೊಳವೆಯನ್ನು ತೊಳೆಯುವವನು. ಹೆಣ್ಣು ನೋಡಲು ಹೋದ ಕಡೆಗಳಲ್ಲಿ ನಮ್ಮಮ್ಮ ಮೊದಲರ್ಧವನ್ನು ಮಾತ್ರ ಹೇಳುತ್ತಾಳೆ. ಬಿಡುವಿನಲ್ಲಿ ನನ್ನ ಕೆಲಸ ಎಲ್ಲರ ದನಿ ತೆಗೆಯುವುದು. ಕ್ಯಾಂಟೀನಿನವರು, ಗೇಟಿನವರು, ಸಂಬಳದ ವಿಭಾಗದ ಮೇಡಂ, ಯಾರನ್ನೂ ಬಿಟ್ಟಿಲ್ಲ. ನನ್ನ ಸ್ವಂತ ದನಿ ಹೇಗಿದೆ ನೋಡೋಣ ಎಂದು ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಮೂಗು ಕಟ್ಟಿದ ಯಾವನೋ ಬಸ್ ಸ್ಟ್ಯಾಂಡಿನಲ್ಲಿ ದಾರಿ ಕೇಳುತ್ತಿರುವ ಹಾಗಿತ್ತು. ಅಳಿಸಿ ಹಾಕಿದೆ.

ಹೋದ ತಿಂಗಳು ಡಾಕ್ಟರು ಕೆಲಸದಿಂದ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ನನ್ನನ್ನು ವೇದಿಕೆಗೆ ತಳ್ಳಿದರು. ‘ಡಾಕ್ಟ್ರುದು ಮಾಡ್ಲಾ’ ಎಂದು ಹಿಂದಿನಿಂದ ಕೂಗು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎದುರಿನ ಗೋಡೆಯನ್ನು ನೋಡುತ್ತ ಸುಮ್ಮನೆ ನಿಂತೆ. ಬಹಳ ಹೊತ್ತು ನಿಂತೆ. ಕೊನೆಗೆ ‘ಹೂಂ’ ಅಂದೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಡಾಕ್ಟರು ಮಾತ್ರ, ಪರೀಕ್ಷೆಯ ಪೇಪರು ತಿದ್ದುವ ಮೇಷ್ಟರ ಮುಖ ಹೊತ್ತು ಕೂತಿದ್ದರು. ಊಟದ ಸಾಲಿನಲ್ಲಿ ನನ್ನ ಹತ್ತಿರ ಬಂದರು.

‘ಚೆನ್ನಾಗಿತ್ತು. ಆದ್ರೆ ನಾನು ಹೂಂ ಅನ್ನೋದು ಎರಡು ಸಲ.’

‘ಎರಡು ಸಲಾನಾ ಸಾರ್?’

‘ಹೂಂ. ಹೂಂ.’

ಅಷ್ಟು ಹೇಳಿ ಪಾಯಸದ ಕಡೆ ಹೋದರು. ಇಂಥವರನ್ನು ಮಿಮಿಕ್ರಿಯಲ್ಲಿ ಹಿಡಿಯಲಾಗದಿದ್ದರೆ ಬರವಣಿಗೆಯಲ್ಲಾದರೂ ಹಿಡಿಯೋಣ ಎಂದು ಕೂತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಫೋನ್ ಮಾಡಿ, ಎಲ್ಲೆಲ್ಲಿ ತಪ್ಪಿದ್ದೇನೆಂದು ಹೇಳುತ್ತಾರೆ.

ಅವರು ಹುಟ್ಟಿ ಬೆಳೆದದ್ದು ಬ್ಲಫ್ ಎಂಬ ಊರಿನಲ್ಲಿ. ಅಪ್ಪ ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದರಂತೆ. ಯಂತ್ರಗಳ ನಡುವೆ ದುಡಿದ ಗಂಡಸರು ಮನೆಗೆ ಬಂದರೂ ಅದೇ ದನಿಯಲ್ಲಿ ಮಾತಾಡುತ್ತಿದ್ದರಂತೆ. ‘ನಮ್ಮಪ್ಪ ಉಪ್ಪು ಕೇಳಿದ್ರೆ ಪಕ್ಕದ ಕ್ವಾರ್ಟರ್ಸಿನವರು ತಂದ್ಕೊಡ್ತಿದ್ರು’ ಎಂದು ಒಮ್ಮೆ ಹೇಳಿದ್ದರು. ಅದರ ಸೇಡು ತೀರಿಸಿಕೊಳ್ಳುವಂತೆ ಇವರು ಜೀವನವಿಡೀ ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲೆ ಮಾತಾಡಿದರು. ಅವರು ಬೈದದ್ದು ಬೈಗುಳ ಎಂದು ಕೆಲವರಿಗೆ ಮನೆಗೆ ಹೋದ ಮೇಲೆ ಹೊಳೆಯುತ್ತಿತ್ತು.

ಹೊಟ್ಟೆಯ ಡಾಕ್ಟರು. ಹೊಟ್ಟೆಯಲ್ಲೂ ವಿಶೇಷವಾಗಿ ಮೇದೋಜೀರಕದವರು. ಆಸ್ಪತ್ರೆಯ ಮಾತಿನಲ್ಲಿ ಪ್ಯಾಂಕ್ರಿಯಾಸ್ ಎನ್ನುವ ಈ ಅಂಗ ಜಠರದ ಹಿಂದೆ, ಹಾಜರಿ ಕರೆಯುವಾಗ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವನ ಹಾಗೆ ಅವಿತುಕೊಂಡಿರುತ್ತದೆ. ಅಲ್ಲೊಂದು ಗೆಡ್ಡೆ ಎದ್ದರೆ ಸ್ಕ್ಯಾನಿನಲ್ಲಿ ಕಾಣುತ್ತದೆ. ತಾನು ಏನೆಂದು ಮಾತ್ರ ಹೇಳುವುದಿಲ್ಲ. ಅದನ್ನು ಬಾಯಿ ಬಿಡಿಸಲು, ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಕೊಳವೆಯನ್ನು ಹೊಟ್ಟೆಗಿಳಿಸಿ, ಅದರೊಳಗಿಂದ ಉದ್ದನೆಯ ಸೂಜಿ ತೂರಿಸಿ, ಜಠರದ ಅಥವಾ ಸಣ್ಣಕರುಳಿನ ಗೋಡೆ ದಾಟಿ ಗೆಡ್ಡೆಯ ಒಂದು ಚೂರನ್ನು ತರಬೇಕು. ಆ ಸೂಜಿಗಳಿಗೆ ನಂಬರುಗಳಿವೆ. ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತೈದು. ನಂಬರು ಹೆಚ್ಚಿದಷ್ಟೂ ಸೂಜಿ ತೆಳುವಾಗುತ್ತದೆ. ಅದ್ಯಾಕೆ ಹಾಗೆ ಎಂದು ಓದುವಾಗ ಮೇಷ್ಟರನ್ನು ಕೇಳಿದ್ದೆ. ಅದು ಪರೀಕ್ಷೆಗೆ ಬರಲ್ಲ ಎಂದು ಸಮಾಧಾನ ಹೇಳಿದ್ದರು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಡಾಕ್ಟರು ಪರದೆಯ ಮೇಲಿನ ಗೆಡ್ಡೆಯನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ, ‘ಏನು ಕೇಳಣ?’ ಅಂದರು. ದೊಡ್ಡ ಮನುಷ್ಯರು ಇಷ್ಟು ಬೇಗ ಹತ್ತಿರವಾದರಲ್ಲ ಎಂದುಕೊಂಡು ‘ಒಂದು ಕಾಫಿ ಸಾಕು ಸಾರ್’ ಅಂದೆ.

‘ಗೆಡ್ಡೆಗೆ ಏನು ಕೇಳಣ ಅಂದೆ.’

ಉತ್ತರವನ್ನೂ ಅವರು ತಾವೇ ಹೇಳಿದರು. ‘ಕ್ಯಾನ್ಸರ್ ಹೌದಾ, ಅಲ್ವಾ, ಅಷ್ಟೇ ಕೇಳೋದಾದ್ರೆ ತೆಳ್ಳನೆ ಸೂಜಿ ಸಾಕು. ಮೂಲೇಲಿ ಕೂತಿದ್ರೂ ಹೋಗಿ ನಾಲ್ಕು ಜೀವಕೋಶ ತರ್ತದೆ. ನೀನ್ಯಾರು, ಯಾವ ಜಾತಿಯ ಗೆಡ್ಡೆ, ಯಾವ ಔಷಧಿಗೆ ಬಗ್ತೀಯ ಅಂತ ವಿಚಾರಿಸೋದಾದ್ರೆ ದಪ್ಪದ್ದು ಬೇಕು. ಸೂಜಿ ಆಮೇಲೆ. ಪ್ರಶ್ನೆ ಮೊದಲು.’

ಅವರಿಂದ ಒಂದೇ ಉಸಿರಿಗೆ ಅಷ್ಟು ಮಾತು ಬಂದದ್ದನ್ನು ಕಂಡು ಸಿಸ್ಟರಿಗೆ ಗಾಬರಿಯಾಯಿತು. ‘ಡಾಕ್ಟ್ರಿಗೆ ಉಸಾರಿಲ್ವೇನ್ಲಾ?’ ಎಂದು ಆಮೇಲೆ ನನ್ನನ್ನು ಕೇಳಿದರು.

ಸೂಜಿ ಕಂಪನಿಯ ಪ್ರತಿನಿಧಿಗಳು ಅವರ ಬಾಗಿಲಲ್ಲಿ ಕಾಯುತ್ತಿದ್ದರು. ಅವರಲ್ಲೊಬ್ಬ, ಟೈ ಕಟ್ಟಿದ ಲವಲವಿಕೆಯ ಹುಡುಗ, ತುದಿಯಲ್ಲಿ ಕಿರೀಟದ ಹಾಗೆ ಮೂರು ಹಲ್ಲುಗಳಿರುವ ಹೊಸ ಸೂಜಿಯನ್ನು ತಂದು, ಅದು ಗೆಡ್ಡೆಯನ್ನು ಹೇಗೆ ಕಚ್ಚಿ ತುಂಡು ತರುತ್ತದೆಂದು ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದ.

‘ಸಾರ್, ಇದು ಬಂದ್ಮೇಲೆ ಹಳೇದನ್ನ ಯಾರೂ ಮುಟ್ತಾ ಇಲ್ಲ. ಎಲ್ಲ ಕೇಸಿಗೂ ಇದೊಂದೇ.’

ಡಾಕ್ಟರು ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದರು. ‘ನೀವು ಎಲ್ಲ ಊಟಕ್ಕೂ ಒಂದೇ ಸಾಮಾನು ಬಳಸ್ತೀರಾ?’

‘ಹೌದು ಸಾರ್. ಕೈ.’

ಡಾಕ್ಟರು ಯೋಚಿಸಿದರು. ‘ಹೂಂ. ಹೂಂ. ಎರಡು ಇಟ್ಟು ಹೋಗಿ, ನೋಡಣ’ ಅಂದರು. ನಾನು ಕಂಡಂತೆ ಅವರನ್ನು ಮಾತಿನಲ್ಲಿ ಸೋಲಿಸಿದವನು ಆತ ಒಬ್ಬನೇ. ಆ ಸೂಜಿ ಒಳ್ಳೆಯದೇ ಎಂದು ಆಮೇಲೆ ಗೊತ್ತಾಯಿತು, ಡಾಕ್ಟರು ಅದನ್ನೇ ಹೆಚ್ಚು ಕೇಳತೊಡಗಿದರು. ಆದರೆ ಪ್ರತಿ ಸಲವೂ ಮೊದಲು ಪರದೆಯನ್ನು ನೋಡಿ, ಯೋಚಿಸಿ, ಆಮೇಲೆ ಕೇಳುತ್ತಿದ್ದರು. ಗೆಡ್ಡೆ ಪ್ಯಾಂಕ್ರಿಯಾಸಿನ ತಲೆಯಲ್ಲಿ, ಅಂದರೆ ಸಣ್ಣಕರುಳಿಗೆ ಆತುಕೊಂಡ ತುದಿಯಲ್ಲಿ ಇದ್ದರೆ ಕೊಳವೆಯನ್ನು ಸಣ್ಣಕರುಳಿನ ತಿರುವಿನಲ್ಲಿ ಕೊಕ್ಕೆಯ ಹಾಗೆ ಬಗ್ಗಿಸಬೇಕಾಗುತ್ತದೆ. ಅಂಥಲ್ಲಿ ದಪ್ಪ ಸೂಜಿ ಸೆಟೆದುಕೊಂಡು ಹೊರಗೆ ಬರುವುದೇ ಇಲ್ಲ. ರಕ್ತನಾಳ ಅಡ್ಡ ಇದ್ದರೆ ಇನ್ನೊಂದು ಲೆಕ್ಕ. ‘ಕಂಪನಿಯವನಿಗೆ ಗೆಡ್ಡೆ ಒಂದೇ, ಲ್ಯಾಪ್‌ಟಾಪಿನಲ್ಲಿರೋದು’ ಅನ್ನುತ್ತಿದ್ದರು.

ಸೂಜಿ ಕೇಳುವುದಕ್ಕೆ ಅವರದೇ ಒಂದು ಪದ್ಧತಿಯಿತ್ತು. ಅವರು ನಂಬರು ಹೇಳಬೇಕು, ನಾನು ಅದನ್ನು ಗಟ್ಟಿಯಾಗಿ ತಿರುಗಿ ಹೇಳಿ ಪ್ಯಾಕೆಟ್ ತೋರಿಸಬೇಕು, ಸಿಸ್ಟರ್ ಪ್ಯಾಕೆಟ್ ಓದಿ ಮೂರನೆಯ ಸಲ ಹೇಳಬೇಕು. ಅವರ ಪಿಸುದನಿಯಲ್ಲಿ ನಂಬರು ಕಳೆದುಹೋಗಬಾರದೆಂದು ಮಾಡಿದ ಏರ್ಪಾಡು. ಅವರು ‘ಇಪ್ಪತ್ತೈದು’ ಎಂದು ಉಸುರುತ್ತಿದ್ದರು. ನಾನು ‘ಇಪ್ಪತ್ತೈದು’ ಎಂದು ರೈಲ್ವೆ ಸ್ಟೇಷನ್ನಿನ ಹೆಂಗಸಿನ ದನಿಯಲ್ಲಿ ಘೋಷಿಸುತ್ತಿದ್ದೆ. ಸಿಸ್ಟರ್ ‘ಇಪ್ಪತ್ತೈದು, ಮುಚ್ಕಂಡ್ ಕೊಡ್ಲಾ’ ಅನ್ನುತ್ತಿದ್ದರು. ಈ ಮೇಳಕ್ಕೆ ರೋಗಿಗಳು ಯಾರೂ ತಕರಾರು ತೆಗೆದಿರಲಿಲ್ಲ, ಹೆಚ್ಚಿನವರಿಗೆ ಅಷ್ಟರಲ್ಲಿ ನಿದ್ದೆ ಹತ್ತಿರುತ್ತಿತ್ತು. ಮಳವಳ್ಳಿಯ ಟೈಲರ್ ಸಾಬರು ಬರುವ ತನಕ.

ಸಾಬರು ಮಳವಳ್ಳಿ ಪೇಟೆಯಲ್ಲಿ ಹೆಂಗಸರ ಬ್ಲೌಸ್ ಹೊಲಿಯುವವರು. ಕಣ್ಣು ಅರಿಸಿನ ಮೆತ್ತಿದ ಹಾಗೆ ಹಳದಿ, ಕೊರಳಪಟ್ಟಿ ಎರಡು ಅಳತೆ ಸಡಿಲ. ತಮ್ಮ ಮೈಗೆ ತಾವೇ ಹೊಲಿದುಕೊಂಡ ಅಂಗಿ ಅದು. ಆಮೇಲೆ ಇಳಿದದ್ದು ಮೈ. ಅವರ ಮಾತನ್ನು ಹಿಡಿದು ಒಂದು ಐಟಂ ಮಾಡೋಣ ಎಂದು ನಾನು ಕಿವಿ ಚೂಪು ಮಾಡಿಕೊಂಡಿದ್ದೆ. ನಿರಾಸೆಯಾಯಿತು. ಸಿನಿಮಾದ ಸಾಬರ ಕನ್ನಡ ಅವರ ಬಾಯಲ್ಲಿ ಒಂದು ಚೂರೂ ಇರಲಿಲ್ಲ. ನಮ್ಮಜ್ಜಿ ಆಡುವ ಕನ್ನಡ ಅದು, ಅಜ್ಜಿಯದಕ್ಕಿಂತ ಸ್ವಲ್ಪ ಮರ್ಯಾದೆಯದು.

ಅವರ ಪ್ಯಾಂಕ್ರಿಯಾಸಿನ ತಲೆಯಲ್ಲಿ ಗೆಡ್ಡೆಯಿತ್ತು. ಬೇರೆ ಊರಿನಲ್ಲಿ ತೆಳ್ಳನೆ ಸೂಜಿ ಹಾಕಿ ನೋಡಿದ್ದರು. ಅಲ್ಲಿನ ಡಾಕ್ಟರ ತಪ್ಪೇನಿಲ್ಲ, ಆ ಜಾಗಕ್ಕೆ ಯಾರಾದರೂ ಮೊದಲು ಅದನ್ನೇ ಹಾಕುವುದು. ಸಿಕ್ಕಿದ ಜೀವಕೋಶಗಳಲ್ಲಿ ಕ್ಯಾನ್ಸರ್ ಕಾಣಲಿಲ್ಲ, ಅಲ್ಲ ಎನ್ನುವಷ್ಟೂ ಸಿಗಲಿಲ್ಲ. ಗೆಡ್ಡೆಯ ಲಕ್ಷಣ ಮಾತ್ರ ಕ್ಯಾನ್ಸರಿನದೇ. ಹಾಗಾಗಿ ಮೈಸೂರಿನಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅದು ಸಣ್ಣ ಆಪರೇಷನ್ ಅಲ್ಲ. ಪ್ಯಾಂಕ್ರಿಯಾಸಿನ ತಲೆ, ಪಿತ್ತಕೋಶ, ಕರುಳಿನ ಒಂದು ತುಂಡು, ಎಲ್ಲವನ್ನೂ ತೆಗೆದು ಉಳಿದದ್ದನ್ನು ಸೇರಿಸಿ ಹೊಲಿಯುವಂಥದ್ದು. ಅದಕ್ಕೆ ಮುಂಚೆ ಇನ್ನೊಬ್ಬರು ನೋಡಲಿ ಎಂದು ಯಾರೋ ಇಲ್ಲಿಗೆ ಕಳಿಸಿದ್ದರು.

ಡಾಕ್ಟರು ಸ್ಕ್ಯಾನನ್ನು ಒಂದು ಮಧ್ಯಾಹ್ನ ಪೂರ್ತಿ ನೋಡಿದರು. ಊಟದ ಡಬ್ಬಿ ತೆರೆದೇ ಇತ್ತು. ಕೊನೆಗೆ ನನ್ನನ್ನು ಕರೆದರು.

‘ನಿನ್ನ ಥರದ್ದೇ ಒಂದು ಕಾಯಿಲೆ ಇದೆ.’

‘ಸಾರ್?’

‘ಮಿಮಿಕ್ರಿ ಮಾಡ್ತದೆ. ಕ್ಯಾನ್ಸರಿಂದು. ಅದೇ ಕಾಮಾಲೆ, ಅದೇ ಸೊರಗೋದು, ಅದೇ ಗೆಡ್ಡೆ. ಮೈ ಕಾಯೋ ರಕ್ತಕಣಗಳೇ ದಾರಿ ತಪ್ಪಿ ತಮ್ಮದೇ ಅಂಗದ ಮೇಲೆ ಬಿದ್ದು ಊದಿಸಿರ್ತವೆ. ಅದಾಗಿದ್ರೆ ಮಾತ್ರೆಗೆ ಕರಗಿಹೋಗ್ತದೆ. ಚಾಕು ಬೇಡ.’

‘ಅದೇನಾ ಸಾರ್ ಇದು?’

‘ಗೊತ್ತಿಲ್ಲ. ನಿನ್ನನ್ನಾದ್ರೆ ದನಿ ಮೇಲೆ ಹಿಡೀಬಹುದು, ಅರ್ಧಕ್ಕೆ ನಗ್ತೀಯ. ಅದು ನಗಲ್ಲ. ತುಂಡು ತಂದು ನೋಡ್ಬೇಕು.’

ಬಯಾಪ್ಸಿಯ ದಿನ ಸಾಬರು ಆಸ್ಪತ್ರೆಯ ಹಸಿರು ಗೌನು ತೊಟ್ಟು, ಮೇಜಿನ ಮೇಲೆ ಮಗ್ಗುಲಾಗಿ ಮಲಗಿದ್ದರು. ಗೌನಿನ ತೋಳಿನ ಹೊಲಿಗೆಯನ್ನು ಬೆರಳಲ್ಲಿ ತಡವಿ, ‘ಯಾವನೋ ಅವಸರದಲ್ಲಿ ಒಲಿಗೆ ಒಡ್ದವ್ನೆ’ ಎಂದು ತಮಗೆ ತಾವೇ ಹೇಳಿಕೊಂಡರು. ನಿದ್ದೆಯ ಔಷಧಿ ಇನ್ನೂ ಹಾಕಿರಲಿಲ್ಲ. ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ ಉಸುರಿದರು: ‘ಇಪ್ಪತ್ತೈದು ಬೇಡ. ಇಪ್ಪತ್ತೆರಡು.’

‘ಇಪ್ಪತ್ತೆರಡು’ ಎಂದು ನಾನು ಘೋಷಿಸಿದೆ.

‘ಇಪ್ಪತ್ತೆರಡು’ ಎಂದು ಸಿಸ್ಟರ್ ಓದಿದರು.

ಸಾಬರು ಎದ್ದು ಕೂತರು. ‘ಏನ್ ಸಾ, ಇಪ್ಪತ್ತೆರಡಾ?’

‘ಹೂಂ’ ಅಂದರು ಡಾಕ್ಟರು.

ಎರಡನೆಯ ಹೂಂ ಬರುವಷ್ಟರಲ್ಲಿ ಸಾಬರು ಮೇಜಿನಿಂದ ಇಳಿದಾಗಿತ್ತು. ಸಿಸ್ಟರ್ ಅಡ್ಡ ನಿಂತು, ‘ಎಲ್ಗೋಯ್ತೀರಿ ಸಾಬ್ರೇ, ಕೈಯಲ್ ಡ್ರಿಪ್ಪಿನ ಸೂಜಿ ಅದೆ’ ಎಂದರೆ, ‘ಇದೊಂದ್ ಸಾಕು ಕಣಮ್ಮ, ತೆಗೀರಿ’ ಎಂದು ಕೈ ಚಾಚಿದರು. ತೆಗೆಸಿಕೊಂಡರು. ಹೊರಗೆ ಕಾಯುತ್ತಿದ್ದ ಹೆಂಡತಿಗೆ ಉರ್ದುವಿನಲ್ಲಿ ಏನೋ ಹೇಳಿದರು. ಆಕೆ ‘ಯಾ ಅಲ್ಲಾ’ ಎಂದು ಬಾಯಿಗೆ ಸೆರಗಿಟ್ಟುಕೊಂಡರು. ಇಬ್ಬರೂ ಮಳವಳ್ಳಿ ಬಸ್ಸು ಹತ್ತಿಬಿಟ್ಟರು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ‘ನಿನ್ ದನಿಗೇ ಎದ್ರಿದ್ದು ಕಣ್ಲಾ ಅವ್ರು, ಎಮ್ಮೆ ಕೂಗ್ದಂಗ್ ಕೂಗ್ತೀಯ’ ಎಂದು ಸಿಸ್ಟರ್ ನನ್ನ ಮೇಲೆ ಹಾಕಿದರು.

ರೋಗಿ ಎದ್ದು ಹೋದರೆ ನಮ್ಮಲ್ಲಿ ಸಾಮಾನ್ಯವಾಗಿ ಒಂದು ಫೋನ್ ಮಾಡುತ್ತಾರೆ. ಮಾಡಿದೆವು, ಎತ್ತಲಿಲ್ಲ. ಮೈಸೂರಿನ ಆಪರೇಷನ್ನಿಗೆ ವಾರವೂ ಇರಲಿಲ್ಲ. ಮರುದಿನ ಬೆಳಿಗ್ಗೆ ಡಾಕ್ಟರು ಬಂದು, ‘ಅವಧಿ ಮುಗಿದಿರೋ ಇಪ್ಪತ್ತೆರಡು ಒಂದಿತ್ತಲ್ಲ, ಕಲಿಸೋಕೆ ಇಟ್ಟಿರೋದು. ತಗೋ’ ಅಂದರು. ತಗೊಂಡೆ. ‘ಕಾರು ಹತ್ತು’ ಅಂದರು. ಹತ್ತಿದೆ.

ಡಾಕ್ಟರು ಕಾರು ಓಡಿಸುವುದೂ ಮಾತಾಡುವ ಹಾಗೆಯೇ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ನಮ್ಮನ್ನು ಹಿಂದೆ ಹಾಕಿದವು. ಮದ್ದೂರಿನಲ್ಲಿ ನಿಲ್ಲಿಸಿದರು. ಅಲ್ಲಿ ವಡೆ ತಿನ್ನುವವರು ಹೊರಗಿನವರು. ನಾವು ಕಾಫಿ ಕುಡಿದೆವು. ‘ಅಲ್ಲಿ ಹೋಗಿ ಏನು ಹೇಳ್ತೀರಿ ಸಾರ್?’ ಎಂದು ಕೇಳಿದೆ. ‘ಏನೂ ಇಲ್ಲ. ಯಾಕೆ ಓಡಿದ್ರಿ ಅಂತ ಕೇಳ್ತೀನಿ’ ಅಂದರು. ಅಲ್ಲಿಂದ ಮಳವಳ್ಳಿಯ ತನಕ ಇಬ್ಬರೂ ಮಾತಾಡಲಿಲ್ಲ. ಅವರಿಗೆ ಅದು ಸಹಜ. ನನಗೆ ದವಡೆ ನೋಯುತ್ತಿತ್ತು.

ಸಾಬರು ಅಂಗಡಿಯಲ್ಲೇ ಇದ್ದರು. ತಲೆಯ ಮೇಲೆ ಬಗೆಬಗೆಯ ಬ್ಲೌಸುಗಳು ತೂಗುತ್ತಿದ್ದವು, ಕೆಳಗೆ ಮಿಷನ್ನಿನ ಮುಂದೆ ಹಳದಿ ಕಣ್ಣಿನ ಅವರು, ಪಕ್ಕದಲ್ಲಿ ಹುಕ್ಕು ಹಾಕುತ್ತ ಹೆಂಡತಿ. ಆಪರೇಷನ್ನಿಗೆ ಹೋಗುವ ಮುಂಚೆ ಒಪ್ಪಿಕೊಂಡ ಬಟ್ಟೆಯನ್ನೆಲ್ಲ ಮುಗಿಸಿಕೊಡಬೇಕೆಂದು ಕೂತಿದ್ದರು. ನಮ್ಮನ್ನು ಕಂಡು ಎದ್ದರು.

‘ಬನ್ನಿ ಸಾ. ಅಲ್ಲ, ನೀವ್ಯಾಕ್ ಬರಾಕೋದ್ರಿ. ಕೂತ್ಕಳಿ.’

ಡಾಕ್ಟರು ಗಿರಾಕಿಗಳ ಬೆಂಚಿನ ಮೇಲೆ ಕೂತರು. ‘ಯಾಕೆ ಓಡಿದ್ರಿ?’

ಸಾಬರು ಮಿಷನ್ನಿನ ಡ್ರಾಯರ್ ಎಳೆದು, ಸೂಜಿಯ ಪುಟ್ಟ ಪೊಟ್ಟಣಗಳನ್ನು ತೆಗೆದು ಹಲಗೆಯ ಮೇಲೆ ಒಂದೊಂದಾಗಿ ಇಟ್ಟರು.

‘ಇದು ಅನ್ನೊಂದು ನಂಬರು. ಬ್ಲೌಸಿಗೆ. ಇದು ಅದಿನಾಲ್ಕು, ಪ್ಯಾಂಟಿಗೆ. ಇದು ಅದಿನೆಂಟು, ಬ್ಯಾಗು ಗೀಗಿಗೆ. ಇಪ್ಪತ್ತೆರಡು ನನ್ತಾವ ಇಲ್ಲ ಸಾ. ಅದು ಇರೋದು ಸಕ್ಕರೆ ಚೀಲ ಒಲಿಯೋರ್ ತಾವ. ನೀವು ಇಪ್ಪತ್ತೈದು ಬ್ಯಾಡ ಅಂತ ಕನಿಕರ ಮಾಡುದ್ರಿ ಸರಿ. ಆದ್ರೆ ಇಪ್ಪತ್ತೆರಡ ತಡಕಳೋಕೆ ನಾನೇನ್ ಗೋಣಿಚೀಲವಾ?’

ಡಾಕ್ಟರು ಆ ಸೂಜಿಗಳನ್ನು ಸಾಲಾಗಿ ನೋಡಿದರು. ಚಿಕ್ಕ ನಂಬರು ತೆಳ್ಳಗೆ, ದೊಡ್ಡ ನಂಬರು ದಪ್ಪ. ನಮ್ಮದಕ್ಕೆ ತದ್ವಿರುದ್ಧ.

‘ಹೂಂ. ಹೂಂ’ ಅಂದರು. ‘ಸಾಬರೇ, ನೀವು ಓಡಿದ್ದು ಸರಿ. ನಾನಾಗಿದ್ರೂ ಓಡ್ತಿದ್ದೆ.’ ನನಗೆ ಕೈ ತೋರಿಸಿದರು. ನಾನು ಪ್ಯಾಕೆಟ್ ಹರಿದು, ಉದ್ದನೆಯ ಕೊಳವೆಯನ್ನು ಬಿಚ್ಚಿ, ಹಿಡಿಯನ್ನು ಒತ್ತಿದೆ. ತುದಿಯಿಂದ ಸೂಜಿ ಇಣುಕಿತು. ಸಾಬರು ಅದನ್ನು ಮಿಷನ್ನಿನ ದೀಪದ ಕೆಳಗೆ ಹಿಡಿದರು. ಒಂದು ರೇಷ್ಮೆಯ ಚೂರಿಗೆ ತಮ್ಮ ಹನ್ನೊಂದು ನಂಬರಿನಲ್ಲಿ ಒಂದು ತೂತು ಹಾಕಿದರು, ಪಕ್ಕದಲ್ಲಿ ನಮ್ಮದರಲ್ಲಿ ಒಂದು. ಕನ್ನಡಕ ಮೇಲೆತ್ತಿ, ಬಟ್ಟೆಯನ್ನು ಮೂಗಿನ ತನಕ ತಂದು ನೋಡಿದರು. ಹೆಂಡತಿಯ ಕೈಗೆ ಕೊಟ್ಟರು. ಆಕೆಯೂ ನೋಡಿದರು.

‘ಅನ್ನೊಂದು’ ಅಂದರು ಆಕೆ.

‘ಅನ್ನೊಂದೇ’ ಅಂದರು ಸಾಬರು. ‘ಬ್ಲೌಸಿನ ಸೂಜಿ ಕಣೇ ಇದು.’ ಸೂಜಿಯನ್ನು ನನ್ನ ಕೈಗಿಟ್ಟು, ‘ಈ ನಂಬರ್ನ ಉಲ್ಟಾ ಇಟ್ಟೋನು ಯಾವನ್ ಸಾ?’ ಎಂದು ಕೇಳಿದರು.

‘ನನಗೂ ಗೊತ್ತಿಲ್ಲ. ಸಿಕ್ಕಿದ್ರೆ ಕೇಳ್ಬೇಕು.’

‘ಅಂಗಾದ್ರೆ ಇಪ್ಪತ್ತೈದೇ ಆಕಿ ಸಾ, ಇನ್ನೂ ಸಣ್ಣಗಿರ್ತದಲ್ಲ.’

ಡಾಕ್ಟರು ನೆಲದ ಕಡೆ ನೋಡಿದರು. ಮಿಷನ್ನಿನ ಕೆಳಗೆ ನೂಲಿನ ಜುಂಗು ಗುಡ್ಡೆ ಬಿದ್ದಿತ್ತು. ಬಗ್ಗಿ ಒಂದು ಚಿಟಿಕೆ ಎತ್ತಿಕೊಂಡರು. ‘ಇದನ್ನ ನೋಡಿ ಯಾವ ಬಟ್ಟೆ ಅಂತ ಹೇಳ್ತೀರಾ?’

‘ಅದೆಂಗ್ ಸಾ ಏಳೋದು. ಬಣ್ಣ ಏಳ್ಬೋದು.’

‘ಬಟ್ಟೆ ಯಾವ್ದು ಅಂತ ಹೇಳೋಕೆ?’

‘ತುಂಡು ಬೇಕು. ನೇಯ್ಗೆ ಕಾಣ್ಬೇಕು.’

‘ಇಪ್ಪತ್ತೈದರಲ್ಲಿ ನನಗೆ ಜುಂಗು ಸಿಗ್ತದೆ. ಹೋದ ಸಲ ಸಿಕ್ಕಿದ್ದೂ ಅದೇ. ನಿಮ್ಮ ಕೇಸಲ್ಲಿ ನನಗೆ ನೇಯ್ಗೆ ಕಾಣ್ಬೇಕು.’

ಹುಕ್ಕು ಹಾಕುವ ಕೈ ನಿಂತಿತ್ತು. ಅಲ್ಲಿಯವರೆಗೆ ಗಂಡನ ಪಕ್ಕದಲ್ಲಿದ್ದ ಆಕೆ ಮುಂದೆ ಬಂದು ಕೇಳಿದರು. ‘ಸಿಗ್ನಿಲ್ಲ ಅಂದ್ರೆ ಸಾ?’

‘ಸಿಗದೇ ಇರಬಹುದು ತಾಯಿ. ಅದು ಕಷ್ಟದ ಜಾಗ. ರಕ್ತ ಬರಬಹುದು, ನೋವು ಬರಬಹುದು. ಸಿಕ್ಕಿದ ಮೇಲೂ ಕ್ಯಾನ್ಸರ್ ಅಂತಲೇ ಬರಬಹುದು. ಆಗ ಮೈಸೂರಿಗೆ ಹೋಗಿ, ಆಪರೇಷನ್ ಮಾಡಿಸಿ. ನಾನು ತಡೆಯಲ್ಲ. ಬೇರೆ ಏನಾದ್ರೂ ಇದ್ದು, ನೋಡದೇ ಹೋಗಿ ಕೊಯ್ಸಿಕೊಂಡ್ರೆ, ಅದನ್ನ ವಾಪಸ್ ಹೊಲಿಯೋಕಾಗಲ್ಲ.’

ಗಂಡ ಹೆಂಡತಿ ತಮ್ಮೊಳಗೆ ಮಾತಾಡಿಕೊಂಡರು. ಬಹಳ ಹೊತ್ತಾಯಿತು. ಡಾಕ್ಟರು ತೂಗುತ್ತಿದ್ದ ಬ್ಲೌಸುಗಳನ್ನು ಎಕ್ಸ್‌ರೇ ನೋಡುವ ಹಾಗೆ ನೋಡುತ್ತ ಕೂತಿದ್ದರು. ಕೊನೆಗೆ ಸಾಬರು ಇತ್ತ ತಿರುಗಿದರು.

‘ನಾಳೆ ಬತ್ತೀನಿ ಸಾ. ಆದ್ರೆ ಒಂದು ಮಾತು. ಈವಯ್ಯ ನಂಬರ್ ಕೂಗ್ಬಾರ್ದು.’

ಈವಯ್ಯ ಅಂದರೆ ನಾನು.

ಮಾರನೆಯ ದಿನ ಸಾಬರು ನಿದ್ದೆ ಹೋದ ಮೇಲೆ, ನಾವು ಮೂವರೂ ನಂಬರನ್ನು ಪಿಸುಗುಟ್ಟಿದೆವು. ಆ ಕೋಣೆಯಲ್ಲಿ ಮೊದಲ ಸಲ ಎಲ್ಲರೂ ಡಾಕ್ಟರ ಹಾಗೆ ಮಾತಾಡಿದ್ದು. ಕೊಳವೆ ಕರುಳಿನ ತಿರುವಿಗೆ ಹೋಯಿತು, ಗೆಡ್ಡೆ ಪರದೆಯ ಮೇಲೆ ಬಂತು, ಸೂಜಿ ಮಾತ್ರ ಬರಲಿಲ್ಲ. ಹಿಡಿಯನ್ನು ನಾನು ಒತ್ತಿದೆ, ಅವರೂ ಒತ್ತಿದರು. ಬಗ್ಗಿದ ಕೊಳವೆಯೊಳಗೆ ಅದು ಕದಲಲಿಲ್ಲ. ಡಾಕ್ಟರ ಹಣೆಯಲ್ಲಿ ಬೆವರು ಕಂಡದ್ದು ನಾನು ಅವತ್ತೇ.

‘ಇಪ್ಪತ್ತೈದು ಕೊಡ್ಲಾ ಸಾರ್?’ ಎಂದು ಕೇಳಿದೆ. ಅದು ಸಲೀಸಾಗಿ ಹೋಗುತ್ತಿತ್ತು. ಜ್ವರ ಬಂದವನ ಹಾಗೆ ನನಗೆ ಒಂದೇ ಆಸೆ, ಏನಾದರೂ ಒಂದು ಸಿಕ್ಕಿ ಇದು ಮುಗಿಯಲಿ ಎಂದು.

‘ಬೇಡ. ಅದು ಹಳೇ ಪ್ರಶ್ನೆಗೆ ಉತ್ತರ ಕೊಡ್ತದೆ.’

ಕೊಳವೆಯನ್ನು ನಿಧಾನವಾಗಿ ಜಠರದ ತನಕ ಹಿಂದಕ್ಕೆಳೆದು ನೆಟ್ಟಗೆ ಮಾಡಿದರು. ಅಲ್ಲಿ ಸೂಜಿಯನ್ನು ಕೊಳವೆಯ ತುದಿಯವರೆಗೆ ತಂದು, ಅದರ ಕವಚದೊಳಗೇ ನಿಲ್ಲಿಸಿ ಬಿಗಿದರು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಮತ್ತೆ ಆ ತಿರುವಿಗೆ ಇಳಿಸಿದರು, ತುಂಬಿದ ಬಿಂದಿಗೆ ಹೊತ್ತು ಮೆಟ್ಟಿಲಿಳಿಯುವವರ ಹಾಗೆ. ಈ ಸಲ ಸೂಜಿ ಹೋಯಿತು. ಒಳಗೆ ಆಡಿಸಿದರು, ಹೊರಗೆ ತೆಗೆದರು. ಸೂಜಿಯೊಳಗಿದ್ದುದನ್ನು ನಾನು ಗಾಜಿನ ಮೇಲೆ ಒತ್ತಿ ಇಳಿಸಿದೆ. ಮೊದಲು ಬರೀ ರಕ್ತ. ಮತ್ತೊಮ್ಮೆ ಹಾಕಿದರು, ತೆಗೆದರು. ರಕ್ತದ ನಡುವಿನಿಂದ, ಶಾವಿಗೆ ಒರಳಿನಿಂದ ಎಳೆ ಇಳಿಯುವ ಹಾಗೆ, ಬೆಳ್ಳಗಿನ ಒಂದು ಎಳೆ ಉದ್ದಕ್ಕೆ ಬಂತು.

‘ಬಟ್ಟೆ’ ಅಂದರು ಡಾಕ್ಟರು.

ಉತ್ತರ ಬರುವ ತನಕ ಡಾಕ್ಟರು, ತುಂಡನ್ನು ಪರೀಕ್ಷಿಸುವ ಪೆಥಾಲಜಿ ವಿಭಾಗದ ಕಡೆ ಮೂರು ನಾಲ್ಕು ಸಲ ಸುಳಿದಾಡಿದರು. ಆ ವಿಭಾಗ ನೆಲಮಾಳಿಗೆಯಲ್ಲಿದೆ, ಅದರಾಚೆ ಹೋಗಲು ಬೇರೆ ಏನೂ ಇಲ್ಲ. ಸುಳಿದಾಡುತ್ತಿಲ್ಲ, ನಡಿಗೆ ಮಾಡುತ್ತಿದ್ದೇನೆ ಎಂದು ಹೇಳುತ್ತಿದ್ದರು.

ಉತ್ತರ ಬಂದ ದಿನ ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು. ಸುದ್ದಿ ಹೇಳುವುದಕ್ಕೂ ಅವರದೊಂದು ಕ್ರಮವಿತ್ತು. ಮೊದಲು ಬಾಗಿಲು ಹಾಕುವರು. ಆಮೇಲೆ ಫ್ಯಾನು ಆರಿಸುವರು, ತಮ್ಮ ದನಿ ಕೇಳಲಿ ಎಂದು. ಬಂದವರ ಮುಂದೆ ಒಂದೊಂದು ಲೋಟ ನೀರಿಡುವರು. ‘ನಾನು ಹೇಳೋದನ್ನ ಪೂರ್ತಿ ಕೇಳಿ’ ಎಂದು ಶುರು ಮಾಡುವರು. ಅದರ ನಂತರ ಬರುವುದು ಹೆಚ್ಚಾಗಿ ಕೆಟ್ಟ ಸುದ್ದಿಯೇ, ಅವರ ಬಳಿ ಬರುವ ಗೆಡ್ಡೆಗಳ ಸ್ವಭಾವವೇ ಅಂಥದ್ದು. ಆ ಕೋಣೆಯ ಫ್ಯಾನು ನಿಂತಿತೆಂದರೆ ಹೊರಗಿನ ಬೆಂಚಿನವರೂ ಮಾತು ನಿಲ್ಲಿಸುತ್ತಿದ್ದರು.

ಅವತ್ತೂ ಬಾಗಿಲು ಹಾಕಿದರು. ಫ್ಯಾನು ಆರಿಸಿದರು. ನೀರಿಟ್ಟರು. ನಾನು ಸಿಸ್ಟರ್ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದೆ.

‘ನಾನು ಹೇಳೋದನ್ನ ಪೂರ್ತಿ ಕೇಳಿ.’

ಸಾಬರ ಹೆಂಡತಿ ಅಷ್ಟಕ್ಕೇ ಅಳಲು ಶುರು ಮಾಡಿದರು. ಡಾಕ್ಟರು ಅದೇ ದನಿಯಲ್ಲಿ, ಅದೇ ಮುಖದಲ್ಲಿ ಮುಂದುವರಿಸಿದರು. ತುಂಡು ಸಿಕ್ಕಿದೆ. ಚೆನ್ನಾಗಿ ನೋಡಿದ್ದಾರೆ. ಇದು ಮೈಯೊಳಗಿನ ಕಾವಲು ಕಣಗಳ ಕೆಲಸ. ಸಾಬರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ಕುಡಿಯಲಿಲ್ಲ.

‘ಮೈಸೂರಲ್ ಕುಯ್ಯೋದು ಅದೇ ದಿನವಾ ಸಾ?’

‘ಕುಯ್ಯಲ್ಲ.’

ಸಾಬರು ತಲೆ ತಗ್ಗಿಸಿದರು. ‘ಅಷ್ಟು ಮುಂದ್ಕೋಗ್ಬುಟ್ಟದಾ ಕಾಯ್ಲೆ?’

‘ಇಲ್ಲ ಸಾಬರೇ. ಕ್ಯಾನ್ಸರೇ ಅಲ್ಲ. ಮಾತ್ರೆ ಕೊಡ್ತೀನಿ, ಕರಗ್ತದೆ.’

ಸಿಸ್ಟರ್ ನನ್ನ ತೋಳು ಹಿಡಿದುಕೊಂಡಿದ್ದರು, ಉಗುರು ಚುಚ್ಚುತ್ತಿತ್ತು. ಸಾಬರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನನ್ನು ನೋಡಿ, ಡಾಕ್ಟರನ್ನು ನೋಡಿ, ಕೊನೆಗೆ ತಲೆಯ ಮೇಲೆ ನಿಂತಿದ್ದ ರೆಕ್ಕೆಗಳನ್ನು ನೋಡಿದರು.

‘ಮತ್ಯಾಕ್ ಸಾ ಫ್ಯಾನ್ ಆರ್ಸುದ್ರಿ?’

ಡಾಕ್ಟರೂ ಫ್ಯಾನನ್ನು ನೋಡಿದರು.

‘ಒಳ್ಳೆ ಸುದ್ದಿ ಹೇಳಿ ಅಭ್ಯಾಸ ಇಲ್ಲಮ್ಮ’ ಅಂದರು.

ಎದ್ದು ಹೋಗಿ ತಾವೇ ಸ್ವಿಚ್ ಹಾಕಿದರು. ಬಾಗಿಲನ್ನೂ ತೆರೆದರು. ವಾಪಸ್ಸು ಬಂದು ಕೂತು, ಗಂಟಲು ಸರಿಮಾಡಿಕೊಂಡು, ‘ಇನ್ನೊಂದ್ಸಲ ಹೇಳ್ತೀನಿ’ ಅಂದರು. ಹೇಳಿದರು. ಹಳೆಯ ಫ್ಯಾನು, ಕಟಕಟ ಎನ್ನುವಂಥದ್ದು. ಆ ಸದ್ದಿನಲ್ಲಿ ಅವರ ಒಂದಕ್ಷರವೂ ಯಾರಿಗೂ ಕೇಳಿಸಲಿಲ್ಲ. ಸಾಬರು, ಅವರ ಹೆಂಡತಿ ಇಬ್ಬರೂ ಮುಂದಕ್ಕೆ ಬಾಗಿ, ಪ್ರತಿ ಮಾತಿಗೂ ತಲೆಯಾಡಿಸುತ್ತ, ಪೂರ್ತಿ ಕೇಳಿದರು.